ಎಕ್ಕದ ಗಿಡಕ್ಕೆ ಅಪ್ಪ

“ಇನ್ನೊಂದು ಮೊಳ ತೆಗೀಬೇಕು ಕಣ್ರಪ್ಪ,” ಎಂದು ಚಿಕ್ಕಸಿದ್ದಯ್ಯ ಗುಂಡಿಯೊಳಗಿಂದ ಕೂಗಿದ. ಅವನ ಕೈಯಲ್ಲಿ ಅಳತೆಗೆಂದು ಮುರಿದುಕೊಂಡ ಕಬ್ಬಿನ ಜಲ್ಲೆಯಿತ್ತು. ಪೆಟ್ಟಿಗೆಯ ಮೇಲಿಟ್ಟು ನೋಡಿದಾಗ ಜಲ್ಲೆ ಸರಿಯಾಗಿತ್ತು, ಗುಂಡಿಯಲ್ಲಿ ಹಿಡಿದಾಗ ತುದಿ ಮಣ್ಣಿಗೆ ತಗುಲಿ ಬಾಗಿತು. ಊರಿನವರು ಆಳಿನ ಅಳತೆಗೆ ಗುಂಡಿ ತೆಗೆಸಿದ್ದರು. ದಿಲೀಪ ಪೆಟ್ಟಿಗೆಯಲ್ಲಿ ಬರುತ್ತಾನೆಂದು ನಾಲ್ಕು ದಿನದಿಂದ ಗೊತ್ತಿದ್ದರೂ, ಪೆಟ್ಟಿಗೆ ಮನುಷ್ಯನಿಗಿಂತ ದೊಡ್ಡದಿರುತ್ತದೆ ಎಂಬುದು ಕಾಳೇನಕೊಪ್ಪಲಿನ ಒಂದು ತಲೆಗೂ ಹೊಳೆದಿರಲಿಲ್ಲ.

ಹೊಳೆಯುವುದಕ್ಕೆ ಪುರುಸೊತ್ತಾದರೂ ಎಲ್ಲಿತ್ತು? ಊರಿಗೆ ಊರೇ ಫ್ಲೆಕ್ಸ್ ಕಟ್ಟುವುದರಲ್ಲಿ ಮುಳುಗಿತ್ತು. ಅರಕೆರೆ ರಸ್ತೆಯ ತಿರುವಿನಿಂದ ನಾಲೆ ಏರಿಯವರೆಗೆ ಒಟ್ಟು ಹನ್ನೊಂದು ಫ್ಲೆಕ್ಸು. ಎಲ್ಲದರ ಮೇಲೂ ‘ವೀರಯೋಧ ದಿಲೀಪ್ ಅಮರ್ ರಹೇ’. ಕೆಳಗೆ ಯುವಕರ ಸಂಘದ ಅಧ್ಯಕ್ಷ ಶಿವಶಂಕರ ಕೈಮುಗಿದು ನಿಂತ ಫೋಟೊ. ಅದು ಸತ್ತವನ ಫೋಟೊಗಿಂತ ಒಂದು ಪಟ್ಟು ದೊಡ್ಡದಾಗಿತ್ತು. ದಿಲೀಪನ ಮುಖವನ್ನು ಆಧಾರ್ ಕಾರ್ಡಿನಿಂದ ಕತ್ತರಿಸಿ ಯಾರದೋ ಸಮವಸ್ತ್ರದ ಕುತ್ತಿಗೆಯ ಮೇಲೆ ಕೂರಿಸಿದ್ದರು. ಸಮವಸ್ತ್ರ ನಮ್ಮ ದೇಶದ್ದು. ಎದೆಯ ಮೇಲೆ ನಾಲ್ಕು ಪದಕಗಳೂ ಇದ್ದವು. ಯಾವ ಪುಣ್ಯಾತ್ಮ ಯಾವ ಗಡಿಯಲ್ಲಿ ಗಳಿಸಿದ್ದೋ, ಶಿವಶಂಕರನ ದಯೆಯಿಂದ ದಿಲೀಪನಿಗೆ ಬಂದಿದ್ದವು.

ದಿಲೀಪ ಸತ್ತದ್ದು ರಷ್ಯಾದ ಕಡೆಯ ಯುದ್ಧದಲ್ಲಿ. ಅಡುಗೆ ಕೆಲಸ ಎಂದು ಹೇಳಿ ಏಜೆಂಟೊಬ್ಬ ಕಳಿಸಿದ್ದ. ಓದಲು ಬಾರದ ಭಾಷೆಯ ಕಾಗದಕ್ಕೆ ರುಜು ಹಾಕಿಸಿದ್ದೂ ಅವನೇ. ಹುಡುಗ ಅಡುಗೆಮನೆ ಕಾಣದೆ ಬಂದೂಕು ಹಿಡಿದು, ಆರು ತಿಂಗಳಿಗೆ ಮಂಜು ಬಿದ್ದ ಹೊಲವೊಂದರಲ್ಲಿ ಸತ್ತ. ಯಾರ ಹೊಲವೋ, ಯಾರ ಯುದ್ಧವೋ! ಹೆಣ ಸಿಕ್ಕಿ, ಕಾಗದಪತ್ರ ಮುಗಿದು, ಪೆಟ್ಟಿಗೆ ಊರು ಸೇರಲು ಮತ್ತೆ ನಾಲ್ಕು ತಿಂಗಳು ಹಿಡಿಯಿತು. ಇದೆಲ್ಲ ಊರಿಗೆ ಗೊತ್ತಿತ್ತು. ಗೊತ್ತಿದ್ದೇ ಫ್ಲೆಕ್ಸ್ ಹಾಕಿಸಿದ್ದರು.

ಹತ್ತು ಗಂಟೆಗೆ ತಹಸೀಲ್ದಾರರು ಬಂದು, ಪೆಟ್ಟಿಗೆಗೆ ಹಾರ ಹಾಕಿ, ತಾಯಿಗೆ ಕೈಮುಗಿದು, ಹೊರಡಲು ಜೀಪಿನ ಕಡೆ ತಿರುಗಿದರು.

“ಸಾರ್, ಗುಂಡು ಆರ್ಸೋರು ಎಷ್ಟೊತ್ತಿಗೆ ಬತ್ತಾರೆ?” ಎಂದು ಶಿವಶಂಕರ ಅಡ್ಡ ಬಂದ.

“ಯಾವ ಗುಂಡು?”

“ಗೌರವಕ್ಕೆ ಸಾರ್. ಮೂರು ಸುತ್ತು.”

“ನೋಡಿ, ಅವರು ನಮ್ಮ ಸೇನೆಯವರಲ್ಲ. ಬೇರೆ ದೇಶದ ಸೈನ್ಯಕ್ಕೆ ಸೇರಿದ್ದವರಿಗೆ ಸರ್ಕಾರಿ ಗೌರವ ಬರಲ್ಲ. ಆ ಬೋರ್ಡ್ ಮೇಲೆ ನಮ್ಮ ಯೂನಿಫಾರಂ ಯಾಕೆ ಹಾಕಿಸಿದ್ರಿ? ಯಾರು ಹಾಕಿಸಿದ್ದು?”

ಯಾರು ಹಾಕಿಸಿದ್ದೆಂದು ಫೋಟೊ ಸಮೇತ ಬರೆದಿತ್ತು. ಶಿವಶಂಕರ ಮಾತ್ರ, “ಹುಡುಗ್ರು ಸಾರ್, ತಿಳೀದೆ,” ಎಂದ. ಜೀಪು ಏರಿ ಇಳಿಯುವುದರೊಳಗೆ ಅವನು ಬ್ಲೇಡು ತರಿಸಿದ. ಹನ್ನೊಂದು ಫ್ಲೆಕ್ಸಿನಿಂದಲೂ ಒಂದೊಂದು ಮುಖವನ್ನು ಚೌಕವಾಗಿ ಕತ್ತರಿಸಿ ತೆಗೆದರು. ತೆಗೆದದ್ದು ಶಿವಶಂಕರನ ಮುಖವನ್ನು. ಸಮವಸ್ತ್ರ, ಪದಕ, ದಿಲೀಪ ಎಲ್ಲ ಹಾಗೇ ಉಳಿಯಿತು. ಚೌಕದ ತೂತಿನಲ್ಲಿ ಆಚೆಯ ಕಬ್ಬಿನ ಗದ್ದೆ ಕಾಣುತ್ತಿತ್ತು.

ಹೊಂಗೆಮರದ ನೆರಳಲ್ಲಿ ಪೆಟ್ಟಿಗೆಯ ಪಕ್ಕ ದಿಲೀಪನ ತಾಯಿ ಬೈರಮ್ಮ ಕುಳಿತಿದ್ದಳು. ಪಾಂಡವಪುರಕ್ಕೆ ಕೊಟ್ಟಿದ್ದ ಮಗಳು ರಮ್ಯ ಅವಳ ಭುಜ ಹಿಡಿದುಕೊಂಡಿದ್ದಳು. ಬೈರಮ್ಮ ಬೆಳಗಿನಿಂದ ಒಂದು ತೊಟ್ಟು ಕಣ್ಣೀರು ಹಾಕಿರಲಿಲ್ಲ. ಹೆಂಗಸರಿಗೆ ಇದು ಹಿಡಿಸಲಿಲ್ಲ. ಸಾವಿಗೆ ಬಂದವರಿಗೂ ಒಂದು ನಿರೀಕ್ಷೆ ಇರುತ್ತದಲ್ಲ.

ಆ ಕೊರತೆಯನ್ನು ತುಂಬಿಕೊಡುತ್ತಿದ್ದವನು ಬೈರಮ್ಮನ ಅಣ್ಣ ಮರಿಸ್ವಾಮಿ. ನಾಗಮಂಗಲ ತಾಲ್ಲೂಕಿನ ಹೊಣಕೆರೆಯವನು. ಒಂದು ಸಲ ತಾಲ್ಲೂಕು ಪಂಚಾಯ್ತಿಗೆ ಗೆದ್ದು, ಆಮೇಲೆ ಎರಡು ಸಲ ಸೋತು, ಗೆದ್ದ ಸಲದ ಬಿಳಿ ಅಂಗಿಯನ್ನು ಮಾತ್ರ ಬಿಡದೆ ಉಳಿಸಿಕೊಂಡವನು. ಅವನ ಅಳು ನಾಲೆಯ ಆಚೆಗೂ ಕೇಳುತ್ತಿತ್ತು.

“ನನ್ನ ಅಳಿಯ ಆಗ್ಬೇಕಾದೋನು ಕಣ್ರಪ್ಪೋ! ಎಣ್ಣು ಮಡಿಕ್ಕಂಡು ಕಾಯ್ಕಂಡಿದ್ದೆ ಕಣ್ರಪ್ಪೋ!”

ರಮ್ಯ ಹಲ್ಲು ಕಚ್ಚಿದಳು. “ಅವ್ವ, ಕೇಳುಸ್ಕತಿದ್ದೀಯಾ ಮಾವ ಏನಂತಾವ್ರೆ ಅಂತ?”

“ಅಳ್ಲಿ ಬುಡು,” ಎಂದಳು ಬೈರಮ್ಮ. “ಅವ್ನ ಕಾರ್ನಲ್ಲಿ ಇಂದ್ಗಡೆ ಏನದೆ ನೋಡ್ದಾ?”

ರಮ್ಯ ನೋಡಿದ್ದಳು. ಹಿಂದಿನ ಸೀಟಿನ ತುಂಬ ರಟ್ಟಿನ ಪೆಟ್ಟಿಗೆಗಳು. ಒಳಗೆ ಮರಿಸ್ವಾಮಿಯ ಮಗಳು ಪ್ರಿಯಾಂಕಳ ಲಗ್ನಪತ್ರಿಕೆ. ಮದುವೆಗೆ ಇನ್ನು ಇಪ್ಪತ್ತೆರಡು ದಿನ ಇತ್ತು. ಹೇಗೂ ಈ ಕಡೆ ಬಂದಾಗಿದೆ, ಮಣ್ಣು ಮುಗಿಸಿಕೊಂಡು ಶ್ರೀರಂಗಪಟ್ಟಣ, ಪಾಂಡವಪುರದ ನೆಂಟರಿಗೆ ಪತ್ರಿಕೆ ಕೊಟ್ಟು ಹೋದರೆ ಪೆಟ್ರೋಲು ಉಳಿಯುತ್ತದೆ ಎಂದು ಅವನ ಲೆಕ್ಕ. ನೆಂಟರ ಮೇಲೆ ಪ್ರೀತಿ, ಅಕ್ಕಿ ಮೇಲೆ ಆಸೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

*

ಎರಡು ವರ್ಷದ ಹಿಂದೆ ಬೈರಮ್ಮ ಮಗ, ಮಗಳೊಂದಿಗೆ ಹೊಣಕೆರೆಗೆ ಹೋಗಿದ್ದಳು. ತಟ್ಟೆಯಲ್ಲಿ ಬಾಳೆಹಣ್ಣು, ಎಲೆ ಅಡಿಕೆ, ಜೊತೆಗೆ ನಾಲ್ಕು ಅಚ್ಚು ಹೊಸ ಬೆಲ್ಲ. ಬೆಲ್ಲ ದಿಲೀಪನೇ ಮಾಡಿದ್ದು. ಊರ ಪಕ್ಕದ ಆಲೆಮನೆಯಲ್ಲಿ ಹದ ನೋಡುವವನು ಅವನೇ. ಕೊಪ್ಪರಿಗೆಯಲ್ಲಿ ಕುದಿಯುವ ಪಾಕದ ಸದ್ದು ಬದಲಾಗುವುದನ್ನು ಕಣ್ಣು ಮುಚ್ಚಿಕೊಂಡು ಕೇಳಿ, “ಉರಿ ತೆಗಿ ಸಿದ್ದಯ್ಯಣ್ಣ,” ಎನ್ನುತ್ತಿದ್ದ. ಕೆಳಗೆ ಒಲೆಗೆ ಸಿಪ್ಪೆ ತಳ್ಳುತ್ತಿದ್ದ ಚಿಕ್ಕಸಿದ್ದಯ್ಯ ಉರಿ ತೆಗೆಯುತ್ತಿದ್ದ. ಒಂದು ನಿಮಿಷ ತಡವಾದರೆ ಬೆಲ್ಲ ಕಪ್ಪು, ಒಂದು ನಿಮಿಷ ಬೇಗವಾದರೆ ನೀರು. ದಿಲೀಪನ ಕೈಯಲ್ಲಿ ಒಂದು ಕೊಪ್ಪರಿಗೆಯೂ ಕೆಟ್ಟಿರಲಿಲ್ಲ. ಹಾರಿದ ಪಾಕ ಬಿದ್ದು ಎಡ ಮುಂಗೈ ಸುಟ್ಟ ಕಲೆ ಇತ್ತು. ಎರಡು ಎಕರೆ ಗದ್ದೆ, ಮೂರು ಹಸು, ಡೈರಿಗೆ ದಿನಾ ಹಾಲು. ಕುಡಿತವಿಲ್ಲ, ಇಸ್ಪೀಟಿಲ್ಲ. ಹಿಂದಿನ ಕಾಲದಲ್ಲಾದರೆ ಮನೆ ಬಾಗಿಲಿಗೆ ಹೆಣ್ಣು ಬರುತ್ತಿತ್ತು.

ಮರಿಸ್ವಾಮಿ ಬೆಲ್ಲದ ಚೂರು ಮುರಿದು ಬಾಯಿಗೆ ಹಾಕಿಕೊಂಡ. ಪ್ರಿಯಾಂಕ ಕಾಫಿ ಇಟ್ಟು, ಮೊಬೈಲಿನಿಂದ ಕಣ್ಣೆತ್ತದೆ ಒಳಗೆ ಹೋದಳು.

“ಬೆಲ್ಲ ಚೆಂದಾಗದೆ ಕಣ್ಲಾ,” ಎಂದ ಮರಿಸ್ವಾಮಿ.

“ನಿಮ್ಗೇ ಅಂತ ಔಷ್ದಿ ಆಕ್ದೆ ಮಾಡ್ದೆ ಮಾವ.”

“ಅದೆಲ್ಲ ಸರಿ. ಆದ್ರೆ ಬೆಲ್ಲ ಕಾಸೋನಿಗೆ ಎಣ್ಣು ಕೊಟ್ಟ ಅಂದ್ರೆ ನಾಕು ಜನ ನನ್ನ ಏನಂದಾರು? ನಮ್ಮುಡ್ಗಿ ಡಿಗ್ರಿ ಮಾಡವ್ಳೆ. ಸಗಣಿ ಬಾಚು ಅಂತ ಎಂಗೆ ಕಳುಸ್ಲಿ?”

“ಅಣ್ಣ, ಸಗಣಿ ನಾನು ಬಾಚ್ತೀನಿ,” ಎಂದಳು ಬೈರಮ್ಮ.

“ನೀನು ಸುಮ್ಕಿರು ಬೈರಿ. ನೋಡ್ಲಾ ದಿಲೀಪ, ಸೋದರಮಾವ ನಾನು, ನಿಂಗೆ ಇಲ್ಲ ಅಂತೀನಾ? ಒಂದು ಯೂನಿಫಾರಂ ಆಕ್ಕಂಡು ಬಾ. ಪೊಲೀಸೋ, ಮಿಲಿಟ್ರಿಯೋ, ಯಾವ್ದೋ ಒಂದು. ಬಂದ ಜಿನವೇ ನನ್ನ ಕೈಯಾರೆ ಧಾರೆ ಎರ್ದು ಕೊಡ್ತೀನಿ. ಇದು ಮಾತು.”

ಇಲ್ಲ ಎನ್ನಲು ಬಾಯಿ ಬಾರದವರು ಹೀಗೆಯೇ ಮಾತು ಕೊಡುತ್ತಾರೆ. ಉಳಿದ ಮೂರು ಅಚ್ಚು ಬೆಲ್ಲವನ್ನು ಮಾತ್ರ ಅವನು ಒಳಗೆ ಕಳಿಸಿದ.

ಅಣ್ಣನ ಮನೆಯಿಂದ ಬರಿಗೈಲಿ ಬಸ್ಸು ಹತ್ತುವುದು ಬೈರಮ್ಮನಿಗೆ ಹೊಸದೇನಲ್ಲ. ಗಂಡ ಸತ್ತಾಗ ಅವಳಿಗೆ ಮೂವತ್ತನಾಲ್ಕು. ಎರಡು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗಿದ್ದಳು. ಇಪ್ಪತ್ತನೆಯ ದಿನ ಇದೇ ಅಣ್ಣ, “ಗಂಡನ ಮನೆ ಬಾಗ್ಲು ಮುಚ್ಚುಸ್ಬಾರ್ದು ಕಣವ್ವ,” ಎಂದು ಬುದ್ಧಿ ಹೇಳಿ ಬಸ್ಸಿಗೆ ಹತ್ತಿಸಿದ್ದ. ಟಿಕೆಟ್ಟನ್ನು ಅವಳೇ ತೆಗೆದುಕೊಂಡಿದ್ದಳು.

ದಿಲೀಪನೂ ಮಹಾ ಜಾಣನೇನಲ್ಲ. ಮಾವ ತಮಾಷೆಗೆ ಹೇಳಿದ್ದಲ್ಲ ಎಂದು ನಂಬಿದ. ಅಗ್ನಿವೀರರ ಆಯ್ಕೆಗೆ ವಯಸ್ಸು ಮೀರಿತ್ತು. ಪೊಲೀಸ್ ಪರೀಕ್ಷೆಯಲ್ಲಿ ಎರಡು ಸಲ ಉದುರಿದ. ನಡುವೆ ಊರೂರಲ್ಲಿ ಹೆಣ್ಣು ಕೇಳಿದರು. ಕೆ.ಆರ್.ಪೇಟೆಯ ಕಡೆಯ ಒಬ್ಬ ಅಪ್ಪ, “ಎಮ್ಮೆ ಬೇಕಾದ್ರೆ ಕೊಡ್ತೀನಿ, ಮಗಳ ಕೊಡಲ್ಲ,” ಎಂದು ನಕ್ಕಿದ್ದ. ಹೆಣ್ಣು ಸಿಗದ ಗಂಡುಗಳೆಲ್ಲ ಸೇರಿ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋದಾಗ ದಿಲೀಪನೂ ಹೋದ. ಟೀವಿಯವರು ಬಂದರು. ನಾಡೇ ನೋಡಿ ನಕ್ಕಿತು. ಮರಿಸ್ವಾಮಿ ಫೋನು ಮಾಡಿ, “ವಂಶದ ಮರ್ವಾದೆ ತೆಗ್ದಲ್ಲೋ,” ಎಂದ. ಆಮೇಲೆ ಏಜೆಂಟು ಸಿಕ್ಕಿದ.

*

ಗುಂಡಿ ದೊಡ್ಡದಾಗುವವರೆಗೆ ಮಾಡಲು ಕೆಲಸವಿಲ್ಲದ್ದರಿಂದ ಏರಿಯ ಮೇಲೆ ಕುಳಿತ ಯಜಮಾನರಿಗೆ ಶಾಸ್ತ್ರ ನೆನಪಾಯಿತು. ಕೆಲಸವಿಲ್ಲದ ಹೊತ್ತಿನಲ್ಲೇ ಅದು ಅವರಿಗೆ ನೆನಪಾಗುವುದು.

“ಮದ್ವೆ ಇಲ್ದೆ ಓದ ಮಗ,” ಎಂದ ಒಬ್ಬ. “ಅಂಗೇ ಮುಚ್ಬಾರ್ದು.”

“ಊರಿಗೆ ಒಳ್ಳೇದಲ್ಲ,” ಎಂದ ಇನ್ನೊಬ್ಬ. ಹುಡುಗನಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರೂ ಕೇಳಲಿಲ್ಲ.

ಶಂಖ ಜಾಗಟೆ ಹಿಡಿದು ಬಂದಿದ್ದ ದಾಸಯ್ಯ ತಲೆಯಾಡಿಸಿದ. “ಎಕ್ಕದ ಗಿಡ ತಂದು ತಾಳಿ ಕಟ್ಟುಸ್ಬುಟ್ಟು ಆಮೇಲೆ ಇಳ್ಸಿ. ಇಲ್ದಿದ್ರೆ ಆಸೆ ಉಳ್ಕಂಡು ಅಲೀತದೆ.”

ಬೈರಮ್ಮ ಮೊದಲ ಬಾರಿಗೆ ತಲೆಯೆತ್ತಿದಳು. “ಮಾಡಿ,” ಎಂದಳು.

“ಅವ್ವ, ಇದೆಲ್ಲ ಯಾಕೆ? ಇವ್ರೆಲ್ಲ ಎಣ್ಣು ಇಲ್ಲ ಅಂದು ಅಂದೂ...” ರಮ್ಯಳ ದನಿ ಒಡೆಯಿತು.

“ಮದ್ವೆ ಮಾಡ್ತೀನಿ ಅಂತ ಅಂದಿದ್ದೆ ಕಣವ್ವ ಅವುನ್ಗೆ. ಓಗೋ ಜಿನ ಬಸ್ ಸ್ಟ್ಯಾಂಡ್ನಲ್ಲಿ ತಲೆ ಮ್ಯಾಲೆ ಕೈ ಮಡಗಿ ಅಂದಿದ್ದೆ. ಯಾವ್ದೋ ಒಂದು. ಆಗ್ಲಿ.”

ಇಷ್ಟೇ ಅವಳಿಗೆ ಬೇಕಾಗಿದ್ದುದು. ಸರ್ಕಾರಿ ಗೌರವ ಬೇಡ, ಗುಂಡಿನ ಸುತ್ತು ಬೇಡ, ಹನ್ನೊಂದು ಫ್ಲೆಕ್ಸು ಬೇಡ. ಮಗ ಒಂಟಿಯಾಗಿ ಮಣ್ಣಿಗೆ ಹೋಗಬಾರದು.

ಚಿಕ್ಕಸಿದ್ದಯ್ಯ ಗುಂಡಿಯಿಂದ ಮೇಲೆ ಬಂದು, ಗುದ್ದಲಿ ಹಿಡಿದು ನಾಲೆ ಪಕ್ಕಕ್ಕೆ ಹೋದ. ಸೊಂಟದೆತ್ತರದ ಎಕ್ಕದ ಗಿಡವೊಂದನ್ನು ಬೇರು ಮುರಿಯದಂತೆ ಸುತ್ತಲೂ ಅಗೆದು, ಮಣ್ಣಿನ ಹೆಂಟೆ ಸಮೇತ ಎತ್ತಿ ತಂದ. ತುದಿಯಲ್ಲಿ ನೀಲಿ ಹೂವಿತ್ತು. ರಮ್ಯ ದಾರಕ್ಕೆ ಅರಿಸಿನ ಹಚ್ಚಿ ಕೊಂಬು ಕಟ್ಟಿದಳು. ದಿಲೀಪನ ಹಸುವಿನ ಹಾಲು ಒಂದು ಚೊಂಬು ಬಂತು. ದಾಸಯ್ಯ ಗಿಡವನ್ನು ಪೆಟ್ಟಿಗೆಯ ಬಲಕ್ಕೆ ನಿಲ್ಲಿಸಿ ಸುತ್ತಲೂ ನೋಡಿದ.

“ಎಣ್ಣಿನ ಕಡೆ ಯಾರು? ಧಾರೆ ಎರ್ಯಕ್ಕೆ ಗಿಡಕ್ಕೊಬ್ಬ ಅಪ್ಪ ಬೇಕಲ್ಲ.”

ಮುನ್ನೂರು ಜನ ಸೇರಿದ್ದ ಏರಿಯ ಮೇಲೆ ಎಲ್ಲರಿಗೂ ಒಟ್ಟಿಗೇ ಬೇರೆ ಕಡೆ ನೋಡುವ ಕೆಲಸ ಬಂತು. ಒಬ್ಬನಿಗೆ ಬೀಡಿ ನೆನಪಾಯಿತು. ಒಬ್ಬ ಮೊಬೈಲು ಕಿವಿಗಿಟ್ಟುಕೊಂಡು ದೂರ ನಡೆದ, ಅದು ರಿಂಗಾಗಿರಲೇ ಇಲ್ಲ. ಇನ್ನೊಬ್ಬ, “ನಮ್ಗೆ ಮನೇಲಿ ಎಣ್ಮಕ್ಳವ್ರೆ,” ಎಂದ. ಎಕ್ಕಕ್ಕೆ ಅಪ್ಪನಾದವನ ಸ್ವಂತ ಮಗಳ ಬಾಳು ಚೆನ್ನಾಗಿರುವುದಿಲ್ಲ ಎಂದು ಒಂದು ನಂಬಿಕೆ. ಯಾವಾಗ ಹುಟ್ಟಿತೋ ಗೊತ್ತಿಲ್ಲ, ಬಹುಶಃ ಆ ಗಳಿಗೆಯಲ್ಲೇ. ಇದುವರೆಗೆ ಊರ ಮಗ ಸತ್ತನೆಂದು ಎದೆ ಬಡಿದುಕೊಂಡವರು ಒಂದು ಕಾಡುಗಿಡವನ್ನು ತಮ್ಮದೆನ್ನಲು ಹೆದರಿದರು.

ಶಿವಶಂಕರ ಹೊಸ ಐಡಿಯಾ ಕೊಟ್ಟ. “ಪಂಚಾಯ್ತಿ ಕಡೆಯಿಂದ ಎರುದ್ರೆ ಆಗಲ್ವಾ? ಜನರಲ್ ಆಗಿ?”

ದಾಸಯ್ಯ ಅವನ ಕಡೆ ತಿರುಗಿಯೂ ನೋಡಲಿಲ್ಲ. ಮರಿಸ್ವಾಮಿಯ ಅಳು ನಿಂತುಹೋಗಿತ್ತು. ಬೈರಮ್ಮ ಅವನನ್ನೇ ನೋಡುತ್ತಿದ್ದಳು.

*

ರಷ್ಯಾಕ್ಕೆ ಹೋದ ಒಂದು ತಿಂಗಳಿಗೆ ದಿಲೀಪ ವೀಡಿಯೊ ಕರೆ ಮಾಡಿದ್ದ. ಹಸಿರು ಸಮವಸ್ತ್ರ, ತಲೆಗೆ ಉಣ್ಣೆ ಟೋಪಿ, ಹಿಂದೆ ಬೋಳು ಮರಗಳು. ತುಟಿ ಒಡೆದಿತ್ತು.

“ಏನ್ಲಾ ಇದು ವೇಸ? ಅಡುಗೆ ಕೆಲ್ಸ ಅಂದ್ಯಲ್ಲ?” ಎಂದು ಬೈರಮ್ಮ ಕೇಳಿದಳು.

“ಅಡುಗೆ ಇಲ್ಲ ಕಣವ್ವ, ಬೇರೆ ಕೆಲ್ಸ ಕೊಟ್ಟವ್ರೆ. ಒಂದು ವರ್ಸ. ನೋಡು, ಯೂನಿಫಾರಂ.” ಅವನು ಎದ್ದು ನಿಂತು ಫೋನನ್ನು ಮೇಲಿಂದ ಕೆಳಗೆ ಆಡಿಸಿ ತೋರಿಸಿದ. “ಮಾವುಂಗೆ ತೋರ್ಸು.”

ಆಮೇಲೆ ಅವನು ಕಳಿಸಿದ ಅದೇ ವೇಷದ ಫೋಟೊವನ್ನು ಹಿಡಿದುಕೊಂಡು ಅವಳು ಹೊಣಕೆರೆಗೆ ಹೋಗಿ ತೋರಿಸಿದಳು. ಮರಿಸ್ವಾಮಿ ಕನ್ನಡಕ ಹಾಕಿಕೊಂಡು ನೋಡಿ, “ಪರ್ವಾಗಿಲ್ಲ, ಈಗ ಗಂಡು ಅಂಗವ್ನೆ,” ಎಂದ. “ಬರ್ಲಿ ಬುಡು.” ಅದೇ ತಿಂಗಳು ಪ್ರಿಯಾಂಕಳಿಗೂ ಕೆ.ಆರ್.ಪೇಟೆ ಹತ್ತಿರದ ಹೊಸಹೊಳಲಿನ ಒಬ್ಬ ಸರ್ಕಾರಿ ಎಂಜಿನಿಯರನಿಗೂ ತಾಂಬೂಲ ಬದಲಾಯಿಸಿದರು. ತಂಗಿಗೆ ಹೇಳಲಿಲ್ಲ. ಅವಳು ಬೇಸರ ಮಾಡಿಕೊಳ್ಳಬಾರದೆಂದು ಅವನ ಕಾಳಜಿ.

ದಿಲೀಪನಿಗೆ ಗೊತ್ತಾದದ್ದು ಪ್ರಿಯಾಂಕ ಮೊಬೈಲಿನಲ್ಲಿ ಹಾಕಿಕೊಂಡ ನಿಶ್ಚಿತಾರ್ಥದ ಫೋಟೊದಿಂದ. ಕೊನೆಯ ಸಲ ಕರೆ ಮಾಡಿದಾಗ ಆ ವಿಷಯ ಎತ್ತಲಿಲ್ಲ. “ಆಲೆ ಸುರುವಾಯ್ತೇನವ್ವ?” ಎಂದು ಕೇಳಿದ.

“ಆಯ್ತು ಕಣಪ್ಪ.”

“ಪಾಕದ ಅದ ಯಾರು ನೋಡ್ತಾವ್ರೆ?”

“ಯಾರೋ ಮಳವಳ್ಳಿಯೋನು. ಮೂರು ಕೊಪ್ಪರಿಗೆ ಕೆಡುಸ್ಬುಟ್ಟ.”

ದಿಲೀಪ ನಕ್ಕ. ಆಮೇಲೆ ಹಿಂದೆ ಯಾರೋ ಕೂಗಿದರು, ಕರೆ ಕಡಿದುಹೋಯಿತು.

*

“ಅಣ್ಣ,” ಎಂದಳು ಬೈರಮ್ಮ. “ಬಾ. ನೀನು ಎರಿ.”

ಮರಿಸ್ವಾಮಿ ಟವೆಲಿನಿಂದ ಮುಖ ಒರೆಸಿಕೊಂಡ. “ಬೈರಿ, ನಿಂಗೆ ಗೊತ್ತಲ್ಲವ್ವ, ಮನೇಲಿ ಶುಭಕಾರ್ಯ ಇಟ್ಕಂಡಿವ್ನಿ. ಇಪ್ಪತ್ತೆರಡು ಜಿನ ಅದೆ. ಇಂತಾ ಒತ್ನಲ್ಲಿ ಎಕ್ಕ ಮುಟ್ಟಿದ್ರೆ...”

“ಅಳಿಯ ಆಗ್ಬೇಕಾದೋನು ಅಂತ ಅಳ್ತಿದ್ಯಲ್ಲ.”

“ಅದು ಬೇರೆ, ಇದು ಬೇರೆ. ಎಕ್ಕ ಮನೆ ಬಾಗ್ಲಿಗೆ ಬಂದ್ರೆ ಮನೆ ಹಾಳು ಅಂತ ತಿಳಿದೋರು ಅಂದವ್ರೆ. ಬೀಗ್ರಿಗೆ ಗೊತ್ತಾದ್ರೆ ಏನ್ ಗತಿ? ಬೇರೆ ಯಾರಾರ ಇದ್ರೆ ನೋಡು. ಖರ್ಚು ಬೇಕಾರೆ ನಾನು ಕೊಡ್ತೀನಿ.”

“ಒಂದು ಚೊಂಬು ಹಾಲಿಗೆ ಏನ್ ಖರ್ಚು ಮಾವ?” ಎಂದಳು ರಮ್ಯ. “ಹಾಲು ನಮ್ದೇ.”

ಬದುಕಿದ್ದಾಗ ಹೆಣ್ಣು ಕೊಡದಿದ್ದವರು ಸತ್ತ ಮೇಲೆ ಗಿಡವನ್ನೂ ಕೊಡುವುದಿಲ್ಲ ಎಂಬುದು ಬೈರಮ್ಮನಿಗೆ ನಿಜವಾಗಿಯೂ ಆಶ್ಚರ್ಯ ತಂದಿತ್ತು. ಮನುಷ್ಯರ ಬಗ್ಗೆ ಅವಳಿಗೆ ಅಷ್ಟು ಒಳ್ಳೆಯ ಅಭಿಪ್ರಾಯ ಇನ್ನೂ ಉಳಿದಿದ್ದುದೇ ದೊಡ್ಡದು.

ಆಗ ಗುಂಡಿಯ ಅಂಚಿನಿಂದ ಚಿಕ್ಕಸಿದ್ದಯ್ಯ ಗಂಟಲು ಸರಿಮಾಡಿಕೊಂಡ. ಅವನು ಕೆಳಗಲ ಕೇರಿಯವನು. ಊರಿನ ಗುಂಡಿಗಳನ್ನು ತೆಗೆಯುವುದು ಅವನ ಮನೆತನಕ್ಕೆ ಊರೇ ಅಂಟಿಸಿದ ಕೆಲಸ. ತೆಗೆದ ಮೇಲೆ ದೂರ ನಿಲ್ಲಬೇಕೆಂಬುದೂ ಅದರ ಜೊತೆಗೇ ಬಂದದ್ದು. ಅವನು ನಾಲ್ಕು ಹೆಜ್ಜೆ ಹತ್ತಿರ ಬಂದ.

“ಅವ್ವಾರೆ, ತಪ್ಪು ತಿಳೀಬ್ಯಾಡಿ. ನಂಗೆ ಮದ್ವೆ ಮಾಡೋ ಎಣ್ಮಕ್ಳು ಯಾರೂ ಇಲ್ಲ. ಗಿಡ ಕಿತ್ಕಬಂದೋನೂ ನಾನೇ. ಬೇಕಾದ್ರೆ ನಾನೇ ಅಪ್ಪ ಆಯ್ತೀನಿ. ನಿಮ್ಮುಡ್ಗ ಆಲೆಮನೇಲಿ ಎಂಟು ವರ್ಸ ನನ್ನ ಬುತ್ತೀಲೇ ಉಂಡವ್ನೆ. ನಂಗೂ ಮಗನಂಗೇ.”

ಯುದ್ಧದ ಸುದ್ದಿ ಬಂದಾಗಲೂ ಊರಿಗೆ ಇಷ್ಟು ಆಘಾತವಾಗಿರಲಿಲ್ಲ.

ಮೊದಲು ಎದ್ದವನು ಮರಿಸ್ವಾಮಿ. “ಏಯ್! ಏನ್ಲಾ ಮಾತು ಅಂತ ಆಡ್ತಿದ್ದೀಯಾ? ನಮ್ಮುಡ್ಗುಂಗೆ ನೀನು ಮಾವ ಆಯ್ತೀಯೇನ್ಲಾ? ನಾನು ಸತ್ತೋಗಿವ್ನಾ?” ಅವನು ದಾಪುಗಾಲು ಹಾಕಿ ಬಂದು ದಾಸಯ್ಯನ ಕೈಯಿಂದ ಚೊಂಬು ಕಿತ್ತುಕೊಂಡ. ಅರ್ಧ ಹಾಲು ಅವನ ಬಿಳಿ ಅಂಗಿಯ ಮೇಲೆಯೇ ಚೆಲ್ಲಿತು. “ಸೋದರಮಾವ ಅಂತ ಇರೋದು ಯಾಕೆ? ತಡಿ, ನಾನೇ ಎರೀತೀನಿ.”

“ಅದೇ ಸರಿ, ಅದೇ ಸರಿ,” ಎಂದು ಯಜಮಾನರೆಲ್ಲ ಉಸಿರು ಬಿಟ್ಟರು. 

ಎರಡು ನಿಮಿಷದ ಹಿಂದೆ ಮನೆ ಹಾಳುಮಾಡಲಿದ್ದ ಗಿಡ ಈಗ ಕುಲದ ಮಾನ ಕಾಯುವ ಗಿಡವಾಗಿತ್ತು. ಮಗಳ ಬಾಳಿನ ಭಯವನ್ನೂ ಬೀಗರ ಭಯವನ್ನೂ ಒಂದೇ ಏಟಿಗೆ ಓಡಿಸುವಂಥ ಇನ್ನೊಂದು ಭಯ ಈ ಜನರಲ್ಲಿದೆ. ಅದೊಂದಿಲ್ಲದಿದ್ದರೆ ಇವರಿಂದ ಒಂದು ಒಳ್ಳೆಯ ಕೆಲಸವನ್ನೂ ಮಾಡಿಸಲಾಗುತ್ತಿರಲಿಲ್ಲ.

ಚಿಕ್ಕಸಿದ್ದಯ್ಯ ಬೈರಮ್ಮನ ಮುಖ ನೋಡಿದ. ಅವಳು ಅವನನ್ನೂ ನೋಡಿದಳು, ಹಾಲು ಸುರಿಯುತ್ತಿದ್ದ ಅಣ್ಣನನ್ನೂ ನೋಡಿದಳು.

“ಎರೀಲಿ ಬುಡು ಸಿದ್ದಯ್ಯ,” ಎಂದಳು. “ಮಾತು ಕೊಟ್ಟಿದ್ದೋನು ಅವ್ನೇ.”

ದಾಸಯ್ಯ ಶಂಖ ಊದಿದ. ಪೆಟ್ಟಿಗೆ ತೆರೆಯಬಾರದೆಂದು ಅದರ ಜೊತೆ ಬಂದ ಕಾಗದದಲ್ಲಿ ಬರೆದಿತ್ತು. ಆದ್ದರಿಂದ ರಮ್ಯ ಅರಿಸಿನದ ದಾರವನ್ನು ಪೆಟ್ಟಿಗೆಯ ಮೇಲೆ, ಎಡ ಮುಂಗೈ ಇರಬಹುದಾದ ಜಾಗದಲ್ಲಿ, ಸ್ವಲ್ಪ ಹೊತ್ತು ಇಟ್ಟಳು. ಆಮೇಲೆ ಅದನ್ನು ಗಿಡಕ್ಕೆ ಮೂರು ಗಂಟು ಹಾಕಿ ಕಟ್ಟಿದಳು. ಗಂಡಿನ ತಂಗಿ ಮಾಡಬೇಕಾದ ಕೆಲಸವೇ ಅದು. ಮರಿಸ್ವಾಮಿ ಉಳಿದ ಹಾಲನ್ನು ಗಿಡದ ತಲೆಯ ಮೇಲಿಂದ ಪೆಟ್ಟಿಗೆಯ ಮೇಲಕ್ಕೆ ಎರೆದ. ಯಾರೋ ನಾಲ್ಕು ಕಾಳು ಅಕ್ಷತೆ ಎಸೆದರು. ಆಗ ಬೈರಮ್ಮ ಅತ್ತಳು. ದೊಡ್ಡ ದನಿಯಲ್ಲಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡು, ಮದುವೆ ಮನೆಯಲ್ಲಿ ತಾಯಂದಿರು ಅಳುವಂತೆ.

ಗುಂಡಿ ಈ ಸಲ ಅಳತೆಗೆ ಸರಿಯಾಗಿತ್ತು. ಹಗ್ಗ ಬಿಟ್ಟು ಪೆಟ್ಟಿಗೆ ಇಳಿಸಿದರು. ದಾಸಯ್ಯ ಗಿಡಕ್ಕೆ ಕೈ ಹಾಕಿದ. “ಇದ್ನೂ ಮುರ್ದು ಮ್ಯಾಲೆ ಮಡಗ್ಬುಟ್ರೆ ಮುಗೀತು.”

“ಮುಟ್ಬ್ಯಾಡ,” ಎಂದಳು ಬೈರಮ್ಮ. ಕಣ್ಣೊರೆಸಿಕೊಂಡು ಎದ್ದು ಬಂದು ಗಿಡದ ಬುಡ ಹಿಡಿದುಕೊಂಡಳು.

“ಪದ್ಧತಿ ಅಂಗೇ ಕಣವ್ವ. ಗಂಡನ ಜತೇಗೇ.”

“ಗಂಡನ ಜತೆ ಎಣ್ಣ ಮುಚ್ಚೋ ಕಾಲ ಮುಗ್ದೋಯ್ತು. ಬೇರು ಅಸಿಯಾಗೇ ಅದೆ, ಬದುಕ್ತದೆ ಇವ್ಳು.” ಅವಳು ಅಣ್ಣನ ಕಡೆ ತಿರುಗಿದಳು. “ಅಣ್ಣ, ಗಂಡ ಸತ್ತ ಎಣ್ಣಿಗೆ ದಿಕ್ಕು ಯಾವ್ದು?”

ಮರಿಸ್ವಾಮಿ ಅಂಗಿಯ ಹಾಲು ಒರೆಸಿಕೊಳ್ಳುತ್ತಿದ್ದವನು ಕಣ್ಣು ಕಿರಿದು ಮಾಡಿದ. “ಏನು?”

“ತವರು ತಾನೆ? ಇಷ್ಟು ಜನದ ಮುಂದೆ ಧಾರೆ ಎರ್ದೋನು ನೀನು. ತಾಳಿ ಬಿದ್ದ ಗಳಿಗೇಲೇ ನಿನ್ನ ಮಗಳು ಮುಂಡೆ ಆದ್ಲು. ನನ್ನ ಮನೇಲಿ ಒಬ್ಳು ಮುಂಡೆ ಅವ್ಳೆ, ಸಾಕು. ಇವ್ಳ ನೀನು ಕರ್ಕಂಡೋಗು.”

“ಬೈರಿ, ನಿಂಗೇನು ತಲೆ ಕೆಟ್ಟದಾ? ಚಪ್ಪರ ಆಕೋ ಮನೆಗೆ ಎಕ್ಕ ತಕ್ಕಂಡೋಗಾ?”

“ನಿನ್ನ ಮಗಳು ಅಲ್ವಾ ಆಗಾದ್ರೆ?” ಬೈರಮ್ಮ ನಿಧಾನವಾಗಿ ಕೇಳಿದಳು. “ಅಲ್ಲ ಅನ್ನು. ಸಿದ್ದಯ್ಯ ಇಲ್ಲೇ ನಿಂತವ್ನೆ. ಇನ್ನೊಂದು ಚೊಂಬು ಹಾಲು ತರುಸ್ತೀನಿ, ಅವ್ನು ಎರೀಲಿ.”

ಮರಿಸ್ವಾಮಿ ಯಜಮಾನರ ಕಡೆ ನೋಡಿದ. ಯಜಮಾನರು ನೆಲ ನೋಡಿದರು. ಅವರಿಗೂ ಲೆಕ್ಕ ಸರಿಯಾಗಿಯೇ ಕಾಣುತ್ತಿತ್ತು, ಅದೇ ತೊಂದರೆ. “ತಕ್ಕಂಡೋಗು ಮರಿಸ್ವಾಮಿ,” ಎಂದ ಅವರಲ್ಲೊಬ್ಬ ಕೊನೆಗೆ. “ಊರು ದಾಟ್ಲಿ, ಆಮೇಲೆ ನೋಡ್ಕ.”

ರಮ್ಯ ಗೋಣಿಚೀಲ ನೆನೆಸಿ ತಂದು ಬೇರಿಗೆ ಸುತ್ತಿದಳು. ಚಿಕ್ಕಸಿದ್ದಯ್ಯ ಗಿಡವನ್ನು ಎರಡು ಕೈಯಲ್ಲಿ ಎತ್ತಿಕೊಂಡು ಕಾರಿನ ತನಕ ಹೋದ. ಹಿಂದಿನ ಸೀಟಿನಲ್ಲಿ ಲಗ್ನಪತ್ರಿಕೆಯ ಪೆಟ್ಟಿಗೆಗಳನ್ನು ಸರಿಸಿ, ನಡುವೆ ಗಿಡವನ್ನು ನಿಲ್ಲಿಸಿದ. ಎತ್ತರಕ್ಕೆ ಜಾಗ ಸಾಲದೆ ತುದಿಯನ್ನು ಕಿಟಕಿಯಿಂದ ಹೊರಗೆ ಬಾಗಿಸಬೇಕಾಯಿತು. ಮುರಿದ ಎಲೆಯೊಂದರಿಂದ ಹಾಲು ಸೋರಿ ಮೇಲಿನ ಪೆಟ್ಟಿಗೆಯ ಮೇಲೆ ಬಿತ್ತು.

“ಅಣ್ಣ,” ಎಂದಳು ಬೈರಮ್ಮ, ಕಾರಿನ ಬಾಗಿಲು ಹಿಡಿದುಕೊಂಡು. “ನನ್ನ ಕಳ್ಸಿದಂಗೆ ಇಪ್ಪತ್ತನೇ ಜಿನ ಬಸ್ಸು ಅತ್ತುಸ್ಬುಟ್ಟೀಯಾ. ಆವತ್ಗೆ ಮದ್ವೆಗೆ ಇನ್ನೂ ಎಲ್ಡು ಜಿನ ಇರ್ತದೆ. ಇವ್ಳೂ ಇರ್ಲಿ.”

ಮರಿಸ್ವಾಮಿ ಮುಂದೆ ಕುಳಿತು ಗಾಜು ಏರಿಸಿದ. ಹಿಂದಿನ ಗಾಜು ಏರುವಂತಿರಲಿಲ್ಲ.

ಗುಂಡಿಗೆ ಮೂರು ಹಿಡಿ ಮಣ್ಣು ಹಾಕಿ ಬೈರಮ್ಮ ಏರಿಯ ಮೇಲೆ ಹತ್ತಿ ನಿಂತಳು. ಬಿಳಿ ಕಾರು ನಾಲೆಯ ಪಕ್ಕದ ಮಣ್ಣುರಸ್ತೆಯಲ್ಲಿ, ಚೌಕದ ತೂತು ಬಿದ್ದ ಹನ್ನೊಂದು ಫ್ಲೆಕ್ಸು ದಾಟಿ, ಸೇತುವೆಯ ಮೇಲೆ ಹೋಗಿ ನಿಂತಿತು. ಯಾಕೆ ನಿಂತಿತೆಂದು ನೋಡುತ್ತಿದ್ದ ಎಲ್ಲರಿಗೂ ಗೊತ್ತಿತ್ತು. ಕೆಳಗೆ ನಾಲೆ ತುಂಬಿ ಹರಿಯುತ್ತಿತ್ತು. ಹಿಂದಿನ ಬಾಗಿಲು ಅರ್ಧ ತೆರೆಯಿತು. ಬಿಳಿ ತೋಳೊಂದು ಹೊರಗೆ ಬಂದು ಗಿಡದ ಕುತ್ತಿಗೆ ಹಿಡಿಯಿತು.

ಬೈರಮ್ಮ ಬಿಸಿಲಿಗೆ ಹಣೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತ ನಿಂತೇ ಇದ್ದಳು. ಅವಳ ಪಕ್ಕದಲ್ಲಿ ರಮ್ಯ, ಸ್ವಲ್ಪ ಕೆಳಗೆ ಗುದ್ದಲಿಯ ಮೇಲೆ ಭಾರ ಹಾಕಿ ಚಿಕ್ಕಸಿದ್ದಯ್ಯ. 

ತೋಳು ಗಿಡ ಬಿಟ್ಟು ಒಳಗೆ ಹೋಯಿತು. ಬಾಗಿಲು ಮುಚ್ಚಿತು. ಕಿಟಕಿಯಿಂದಾಚೆ ಹೂ ಬಿಟ್ಟ ಎಕ್ಕದ ತುದಿಯನ್ನು ಚಾಚಿಕೊಂಡು, ಅರಿಸಿನದ ಕೊಂಬು ಬಾಗಿಲಿಗೆ ಬಡಿಯುತ್ತಿರಲು, ಕಾರು ಪಾಂಡವಪುರದ ಕಡೆಗೆ ತಿರುಗಿತು.